ಐದು ನಲವತ್ತರ ಸೂರ್ಯ

“ಎಲ್ರೀ ನಿಮ್ಮ ಬಿಸಿಲು?” ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು ವಿಚಾರಣಾಧಿಕಾರಿ ಕೇಳಿದ. ಗಂಟೆ ಐದು ಹತ್ತು. ಸೂರ್ಯ ಗಾಜಿನ ಮೇಲಂಚಿಗೆ ಅಂಟಿಸಿದ ಕಪ್ಪು ಬಿಸಿಲುಪಟ್ಟಿಯ ಹಿಂದೆ ಅಡಗಿದ್ದ. ಎದುರಿನ ಸಿಗ್ನಲ್ ದೀಪ ನಿಚ್ಚಳವಾಗಿ ಕಾಣುತ್ತಿತ್ತು.

ಡ್ರೈವರ್ ತಲೆ ತಗ್ಗಿಸಿದ. ನವೆಂಬರ್ ಎಂಟರ ಸಂಜೆ ಐದು ಹತ್ತಕ್ಕೆ ಅವನು ಇಲ್ಲೇ ಕೆಂಪು ದೀಪ ದಾಟಿ ಒಂದು ಕಾರಿನ ಬಾಗಿಲು ಸವರಿದ್ದ. ಬಿಸಿಲಿಗೆ ದೀಪ ಕಾಣಲಿಲ್ಲ ಎಂದರೆ ಯಾರೂ ನಂಬಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬೀಳಿಸದವನ ಲೈಸೆನ್ಸು ಈಗ ಈ ಅಧಿಕಾರಿಯ ಪೆನ್ನಿನ ತುದಿಯಲ್ಲಿತ್ತು. ಸಾಲದ್ದಕ್ಕೆ, ತೂಕಡಿಸಿಬಿಟ್ಟಿದ್ದೆನೇನೋ ಎಂದು ಅವನಿಗೇ ಅನುಮಾನ ಶುರುವಾಗಿತ್ತು.

“ಇನ್ನರ್ಧ ಗಂಟೆ ತಾಳಿ ಸರ್,” ಎಂದಳು ಅವನ ಸೊಸೆ. “ಐದು ನಲವತ್ತು ಅಂತ ಅರ್ಜಿಯಲ್ಲೇ ಬರೆದಿದ್ದೆ.”

“ಅಪಘಾತ ಆಗಿದ್ದು ಐದು ಹತ್ತಕ್ಕಲ್ವೇನಮ್ಮ?”

“ಅದು ನವೆಂಬರಲ್ಲಿ. ಸೂರ್ಯ ಮತ್ತೆ ಅದೇ ದಾರಿಗೆ ಬರೋದು ಇವತ್ತು, ಫೆಬ್ರವರಿ ಮೂರಕ್ಕೆ. ಆದ್ರೆ ಅರ್ಧ ಗಂಟೆ ತಡವಾಗಿ.”

“ತಡವಾಗಿ ಬರೋಕೆ ಅವನೇನು ಸಿಟಿ ಬಸ್ಸಾ?”

“ಅವನು ಸರಿಯಾಗೇ ಬರ್ತಾನೆ ಸರ್. ನಮ್ಮ ಗಡಿಯಾರಾನೇ ಅವನ ಜೊತೆ ಹೆಜ್ಜೆ ಹಾಕಲ್ಲ. ನವೆಂಬರಲ್ಲಿ ಅವನು ಅದಕ್ಕಿಂತ ಕಾಲು ಗಂಟೆ ಮುಂದೆ, ಫೆಬ್ರವರೀಲಿ ಕಾಲು ಗಂಟೆ ಹಿಂದೆ.”

ಸೊಸೆ ಕಂಪ್ಯೂಟರಿಗೆಂದು ಒಂದು ಪುಟ್ಟ ಕೋಡ್ ಲೈಬ್ರರಿ, ಅಂದರೆ ಲೆಕ್ಕದ ಪ್ರೋಗ್ರಾಮು, ಬರೆದಿದ್ದಳು. ದಿನ, ಹೊತ್ತು, ಜಾಗ ಕೊಟ್ಟರೆ ಸೂರ್ಯ, ಚಂದ್ರ, ಗ್ರಹಗಳು ಆಕಾಶದಲ್ಲಿ ಎಲ್ಲಿವೆಯೆಂದು ಲೆಕ್ಕ ಹಾಕಿ ಹೇಳುವ ನಾನೂರು ಸಾಲು; ಯಾರು ಬೇಕಾದರೂ ಬಳಸಲೆಂದು ಬಿಟ್ಟಿ ಹಂಚಿದ್ದಳು. “ಅಡುಗೆಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಗೊತ್ತಿಲ್ಲ, ಶನಿ ಎಲ್ಲಿದ್ದಾನೆ ಅಂತ ಹೇಳ್ತಾಳೆ!” ಎಂದು ಮಾವ ನಕ್ಕಿದ್ದೇ ನಕ್ಕಿದ್ದು. ಈಗ ಅವನ ಮಾನ ಆ ನಾನೂರು ಸಾಲಿಗೇ ಜೋತುಬಿದ್ದಿತ್ತು.

ಅಧಿಕಾರಿ ಗೊಣಗುತ್ತಲೇ ಕಾದ. ಸೊಸೆ ಇಳಿದು ಹೋಗಿ ಸಿಗ್ನಲ್ ಕಂಬದ ಬುಡದಲ್ಲಿ ನಿಂತಳು. ಐದು ಮೂವತ್ತೆಂಟಕ್ಕೆ ಸೂರ್ಯ ಬಿಸಿಲುಪಟ್ಟಿಯ ಕೆಳಗೆ ಇಣುಕಿದ. ಐದು ನಲವತ್ತಕ್ಕೆ, ಹೇಳಿ ಕಳಿಸಿದಂತೆ, ನೇರ ಸಿಗ್ನಲ್ಲಿನ ಬೆನ್ನಿಗೆ ಬಂದು ಕೂತ. ಗಾಜು ಪೂರ್ತಿ ಬೆಳ್ಳಗಾಯಿತು.

ಅಧಿಕಾರಿಯ ಹಿಂದೆ ನಿಂತಿದ್ದ ಡ್ರೈವರನ ಮೈ ಜುಮ್ಮೆಂದಿತು. ಅದೇ ಬಿಳುಪು! ತಾನು ತೂಕಡಿಸಿರಲಿಲ್ಲ. ಸೂರ್ಯನನ್ನೇ ಕರೆಸಿ ಸಾಕ್ಷಿ ಹೇಳಿಸಿದಳಲ್ಲ ಈ ಹುಡುಗಿ ಎಂದು ಅವನ ಎದೆಯುಬ್ಬಿತು.

“ಸಿಗ್ನಲ್ಲು ಈಗ ಯಾವ ಬಣ್ಣ ಸರ್?” ಎಂದು ಮೆಲ್ಲಗೆ ಕೇಳಿದ.

ಅಧಿಕಾರಿಯ ಎಡಗೈ ಆಗಲೇ ಹುಬ್ಬಿನ ಮೇಲೇರಿತ್ತು. ಬಗ್ಗಿ ನೋಡಿದ, ವಾಲಿ ನೋಡಿದ. ಕೊನೆಗೆ ಕಿಟಕಿಯಿಂದ ಕೂಗಿದ: “ಹಸಿರು ಅಲ್ವೇನಮ್ಮಾ?”

“ಕೆಂಪು, ಸರ್!”