ಗುಂಡ್ಯಾ ತಪ್ಪಿದ ಮಗ್ಗಿ

ಪಾಠ ಹೇಳುವ ಯಂತ್ರಗಳು ಶಾಲೆಗೆ ಕಾಲಿಡುವ ಮುಂಚೆ ಒಂದು ವರ್ಷ ಗುರುಗಳ ಮನೆಯಲ್ಲಿದ್ದು ಸೇವೆ ಮಾಡಬೇಕಿತ್ತು. ಗದಗಿನ ಸಂಗವ್ವ ಅಕ್ಕೋರ ಮನೆಯಲ್ಲಿ ಗುಂಡ್ಯಾ ಎಂಬ ಯಂತ್ರ ಅಂಗಳ ಗುಡಿಸಿ, ಅವರೆಕಾಯಿ ಸುಲಿದು, ಓಣಿಯ ಮಕ್ಕಳೊಡನೆ ಕೂತು ಮಗ್ಗಿ ಹೇಳಿ ವರ್ಷ ಮುಗಿಸಿತ್ತು. ಇಂದು ಅದರ ಪರೀಕ್ಷೆ. ಒಂದು ತಪ್ಪಾದರೂ ಗುಜರಿಯೇ ಗತಿ. ಅಕ್ಕೋರಿಗೆ ಬೆಳಗಿನಿಂದ ಚಹಾ ಕೂಡ ಸೇರಿರಲಿಲ್ಲ.

ಪರೀಕ್ಷಕರ ಮುಂದೆ ಮಕ್ಕಳು ಸರದಿಯಂತೆ ಹದಿಮೂರರ ಮಗ್ಗಿ ಹೇಳತೊಡಗಿದರು. ಹೊಸದಾಗಿ ಸೇರಿದ ಸಕೀನಾ, "ಹದಿಮೂರೇಳ್ಲೆ ಎಂಬತ್ತೊಂದು" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಕಣ್ಣು ತುಂಬಿ ಬಂತು.

ಮುಂದಿನ ಸರದಿ ಗುಂಡ್ಯಾನದು. "ಹದಿಮೂರೆಂಟ್ಲೆ ಐನೂರು!" ಎಂದು ಅದು ಗಟ್ಟಿಯಾಗಿ ಕೂಗಿತು.

"ಏ ಹುಚ್ಚಪ್ಯಾಲಿ, ನೂರಾ ನಾಕಲೇ!" ಸಕೀನಾ ಕಣ್ಣೊರೆಸಿಕೊಂಡು ನಕ್ಕಳು.

"ತಪ್ಪು ಹೇಳ್ತಲ್ರಿ ಅಕ್ಕೋರ," ಪರೀಕ್ಷಕರು ತಲೆಯಾಡಿಸಿದರು.

"ಅದು ತಪ್ಪು ಹೇಳಿದ್ದು ಕೇಳಿಸ್ತು. ಆ ಹುಡುಗಿ ಸರಿ ಹೇಳಿದ್ದು ಕೇಳಿಸಲಿಲ್ಲೇನ್ರಿ ಸರ?"

ಪರೀಕ್ಷಕರು ತಿರುಗಿ ನೋಡಿದರು. ಸಕೀನಾ ಗುಂಡ್ಯಾನ ಕೈ ಹಿಡಿದು ಮೂಲೆಗೆ ಎಳೆಯುತ್ತಿದ್ದಳು: "ಬಾರಲೇ, ಮೊದಲಿಂದ ನಾ ಹೇಳಿಕೊಡ್ತೀನಿ." ಅದು ಅವಳೆದುರು ಕೈಕಟ್ಟಿ ಕೂತಿತು. ಪರೀಕ್ಷಕರು ನಗು ತಡೆದುಕೊಂಡು, ಪಾಸಾದ ಕಾಗದಕ್ಕೆ ಸಹಿ ಹಾಕಿದರು.