ಹೊಡೆದವನ ಹೆಸರು

"ಏಳನೇ ಕ್ಲಾಸ್ ಪಾಸಾಗದ, ಪಂಕ್ಚರ್ ತಿದ್ದೋ ನನಮಗನ, ನೀ ನನಗ ಬುದ್ಧಿ ಹೇಳ್ತಿಯೇನೋ?" ನಳದ ಮುಂದೆ ಪಾಳಿ ನಿಂತ ಓಣಿಯ ಮಂದಿಯೆಲ್ಲ ಕೇಳುವಂತೆ ಅಪ್ಪ ಒದರಿದ. ಅವನ ಹೊಡೆತಕ್ಕೆ ಅವ್ವನ ತುಟಿ ಒಡೆದು ರಕ್ತ ಸೋರುತ್ತಿತ್ತು. ಫಕೀರೇಶ ಹಲ್ಲು ಕಚ್ಚಿಕೊಂಡು, ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ನೆಟ್ಟಗೆ ಹೆಣ್ಣುಮಕ್ಕಳ ಆಶ್ರಯಕೇಂದ್ರಕ್ಕೆ ತಂದ.

ಅಲ್ಲಿನ ಮೇಡಂ ಪೆನ್ನು ಎತ್ತಿಕೊಂಡರು. "ಹೊಡೆದವನ ಹೆಸರು ಹೇಳಮ್ಮ. ಇವತ್ತೇ ಪೊಲೀಸರು ಅವನನ್ನ ಒಳಗೆ ಹಾಕ್ತಾರೆ. ನೀನು ಇಲ್ಲೇ ಇರು, ಹೆದರಬೇಡ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಕಿ ಗಂಡನ ಹೆಸರು ಹೇಳಂಗಿಲ್ರೀ," ಅಂದ ಫಕೀರೇಶ. "ಲಗ್ನದಾಗ ಒಡಪು ಕಟ್ಟಿ ಹೇಳಿದ್ದೇ ಕಡೀ. ನಾ ಹೇಳ್ತೀನಿ, ಬರಕೋರಿ."

"ಅವರ ಬಾಯಿಂದಲೇ ಬರಬೇಕಪ್ಪ."

"ಹೇಳ್ ಬೇ ಯವ್ವಾ! ಇನ್ನೂ ಎಷ್ಟ ದಿನ ಅವನ್ನ ಕಾಪಾಡ್ತಿ? ನಿನ್ನ ಬೆನ್ನಿಗೆ ನಾ ಅದೀನಿ."

ಅವ್ವ ಒಂದು ಸಲ ಮಗನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಫಕೀರೇಶ ಅಂತ ಬರಕೋರಿ," ಅಂದಳು. "ನನ್ನ ಮಗ."

"ಏನೋ, ನೀನಾ?" ಮೇಡಂ ಕುರ್ಚಿ ಬಿಟ್ಟು ಎದ್ದರು.

ಅವನು ಅವ್ವನ ಒಡೆದ ತುಟಿಯನ್ನು ಇನ್ನೊಂದು ಸಲ ನೋಡಿದ. ಗೇಟು ದಾಟಿ ನಡೆದುಬಿಟ್ಟ.