ಎಡೆಗಿಟ್ಟ ಹಲ್ವಾ

ಗಂಡ ತೀರಿಹೋದ ಮೇಲೆ ಬಂದ ಮೊದಲ ಪಿತೃಪಕ್ಷ. ಎಡೆಗೆ ಅವನಿಗಿಷ್ಟವಾದ ಕ್ಯಾರೆಟ್ ಹಲ್ವಾ ಇಡಲೇಬೇಕೆಂದು ಅತ್ತೆ ಹಟ ಹಿಡಿದಿದ್ದರು. ತುರಿದ ಕ್ಯಾರೆಟ್ ತುಪ್ಪದಲ್ಲಿ ಬಾಡಿ, ಹಾಲಿನಲ್ಲಿ ಬೆಂದು, ಹಾಲು ಇಂಗುತ್ತ ಬಂದಿತ್ತು. ಸೊಸೆ ಎರಡೇ ಚಮಚ ಸಕ್ಕರೆ ಹಾಕಿ ಡಬ್ಬಿ ಮುಚ್ಚಿದಳು.

"ಇವತ್ತೂ ಅಳೆದು ಹಾಕ್ತೀಯಲ್ಲವ್ವ! ಸತ್ತೋನಿಗೂ ಪಥ್ಯವಾ?"

ಕೈ ಅಭ್ಯಾಸಬಲದಿಂದ ಹಾಗೆ ಮಾಡಿತ್ತು. ಸಕ್ಕರೆ ಕಾಯಿಲೆಯೆಂದು ಗೊತ್ತಾದಾಗಿನಿಂದ ಅವಳು ಅವನ ಬಾಯಿ ಕಟ್ಟಿದ್ದಳು. ಬೆಳಿಗ್ಗೆ ತಾನೇ ಇನ್ಸುಲಿನ್ ಚುಚ್ಚಿ, ಮಧ್ಯಾಹ್ನಕ್ಕೆ ಸೊಪ್ಪು, ಚಿಕ್ಕದೊಂದು ರಾಗಿಮುದ್ದೆ ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಆದರೂ ಸಕ್ಕರೆ ಇಳಿಯಲಿಲ್ಲ. ಕೊನೆಯಲ್ಲಿ ಡಾಕ್ಟರು, "ಮನೇಲಿ ಏನಮ್ಮ ತಿನ್ನಿಸ್ತಿದ್ರಿ?" ಎಂದು ಗದರಿದ್ದರು. ತಾನು ಎಲ್ಲಿ ತಪ್ಪಿದೆ ಎಂಬುದೊಂದೇ ಅಂದಿನಿಂದ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಅಳು ಕೂಡ ಬಂದಿರಲಿಲ್ಲ.

ಅತ್ತೆ ತಾವೇ ಡಬ್ಬಿ ತೆಗೆದು ಬೊಗಸೆ ತುಂಬ ಸಕ್ಕರೆ ಸುರಿದರು. ಎಡೆಯಿಟ್ಟು, ಧೂಪ ಹಾಕಿ, ಸತ್ತವನು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ, ಇಬ್ಬರೂ ಹೊರಗೆ ಕೂತರು.

"ಕಲ್ಲೆದೆ ಕಣೇ ನಿಂದು. ಒಂದ್ ದಿನಾನಾದ್ರೂ ಅವನಿಗೆ ಬಾಯ್ತುಂಬ ಸಿಹಿ ಕೊಟ್ಯಾ?"

"ಇಲ್ಲ ಅತ್ತೆ. ಬದುಕ್ಲಿ ಅಂತ ಕೊಡ್ಲಿಲ್ಲ."

"ಬದುಕ್ಲಿ ಅಂತಂತೆ!" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಧ್ಯಾಹ್ನ ಉಣ್ಣೋಕೆ ಬಂದಾಗೆಲ್ಲ ನಿನಗೆ ಗೊತ್ತಾಗ್ದಂಗೆ ನಾನೊಂದು ಬಟ್ಟಲು ಹಲ್ವಾ ಕೊಡ್ತಿದ್ದಕ್ಕೆ ನನ್ ಮಗ ಅಷ್ಟು ದಿನಾನಾದ್ರೂ ಬದುಕಿದ್ದ."